ಚೌಳು ನೆಲದ ಮೇಲೆ ಉಜ್ಜಿನಪ್ಪನವರ ಗೋಧಿ ದಂಡಯಾತ್ರೆ

ಹಿಂದೂಪುರದ ಬೆಲ್ಲದ ಮಂಡಿಯಲ್ಲಿ ಉಜ್ಜಿನಪ್ಪನವರ ನಾಲಿಗೆಗೆ ರಾಜಮರ್ಯಾದೆಯಿತ್ತು. ಅಚ್ಚಿನ ಮೂಲೆ ಚಿವುಟಿ ಬಾಯಿಗಿಟ್ಟರೆ ಸಾಕು, ಅದು ಯಾವ ಊರಿನ ಆಲೆಮನೆಯದೆಂದು ಹೇಳಿಬಿಡುತ್ತಿದ್ದರು. ಇಂಥ ಮಹಾನುಭಾವರಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಮಣ್ಣು ಮುಕ್ಕಿಸಿದ್ದು ಕಲ್ಯಾಣದುರ್ಗದ ಕಡೆ, ಬ್ರಹ್ಮಸಮುದ್ರದ ಹತ್ತಿರ ಅವರಿಗಿದ್ದ ಎರಡೆಕರೆ ಚೌಳು ಹೊಲ. ಬೋರಿನ ನೀರು ಹಾಯಿಸಿದಷ್ಟೂ ನೆಲದ ಮೇಲೆ ಸುಣ್ಣ ಬಳಿದ ಹಾಗೆ ಉಪ್ಪೇಳುತ್ತಿತ್ತು. ಕಡಲೆಕಾಯಿ ಮೊಳೆಯಲೇ ಇಲ್ಲ. ಜೋಳ ಗೇಣುದ್ದ ಬೆಳೆದು ಪ್ರಾಣ ಬಿಟ್ಟಿತು.

ಪಕ್ಕದ ಹೊಲದ ಈರಲಿಂಗಪ್ಪ ಬದುವಿನ ಮೇಲೆ ನಿಂತು, "ಬೆಳೆ ಯಾಕಣ್ಣಾ? ಉಪ್ಪೇ ಗುಡಿಸಿ ಮಾರ್ಕೋ. ಬೀಜನಾದ್ರೂ ಮಿಗ್ತದೆ" ಎಂದ.

ಅಂದೇ ಯುದ್ಧ ಘೋಷಣೆಯಾಯಿತು.

ಅದು ಎರಡು ಸಾವಿರದ ಐದರ ಕಾರ್ತಿಕ. ಕಲ್ಯಾಣದುರ್ಗದ ಬೇಸಾಯದ ಆಫೀಸರ್ ಈಶ್ವರ್ ಐದು ತಳಿಯ ಗೋಧಿ ಬೀಜ ಕೊಟ್ಟರು. "ಉಪ್ಪು ಮಣ್ಣಲ್ಲಿ ಕಾಳಿಗೆ ನೀರು ಹೀರೋದೇ ಕಷ್ಟ, ಉಜ್ಜಿನಪ್ಪನೋರೇ. ಮೊದಲ ಹದಿನೈದು ದಿನ ತಡ್ಕೊಂಡ ತಳಿ ಯಾವುದು ಅಂತ ಕುಂಡದಲ್ಲಿ ನೋಡೋಣ. ಒಂದು ಗೆದ್ರೂ ಈ ಸಲವೇ ನಿಮ್ಮ ಹೊಲದಲ್ಲಿ ಪ್ರಯೋಗದ ತಾಕು ಹಾಕಿಸ್ತೀನಿ."

ಉಜ್ಜಿನಪ್ಪ ಬ್ರಹ್ಮಸಮುದ್ರದಿಂದ ಚೌಳು ಮಣ್ಣನ್ನು ಮೂಟೆ ಕಟ್ಟಿ ಬಸ್ಸಿನಲ್ಲಿ ಹಿಂದೂಪುರಕ್ಕೆ ತಂದರು. ಕಂಡಕ್ಟರ್ "ಮಟ್ಟಿಕಿ ಕೂಡಾ ಲಗೇಜಾ ಸ್ವಾಮಿ!" ಎಂದು ತೆಲುಗಿನಲ್ಲಿ ನಗುತ್ತಲೇ ಮಣ್ಣಿಗೂ ಲಗೇಜಿನ ಟಿಕೆಟ್ ಹರಿದ. ಹಿತ್ತಲಲ್ಲಿ ಹಿಂದಿನ ಸಾಲಿಗೆ ಐದು ಚೌಳಿನ ಕುಂಡ, ಹೋಲಿಸಲು ಮುಂದಿನ ಸಾಲಿಗೆ ಐದು ಒಳ್ಳೆ ಕೆಂಪು ಮಣ್ಣಿನ ಕುಂಡ. ಸುತ್ತ ಕೋಟೆಯಂತೆ ಜಾಲಿಮುಳ್ಳು.

ಎಂಟನೆಯ ದಿನಕ್ಕೆ ಮುಂದಿನ ಸಾಲು ಗಿಳಿಹಸಿರಾಗಿ ನಿಂತಿತು. ಹಿಂದೆ ನಾಲ್ಕು ತಳಿ ಮುದುಡಿದರೂ ಮೂರನೆಯ ನಂಬರು ಮಾತ್ರ ಎದೆಸೆಟೆಸಿ ಎದ್ದಿತು. ಬೀದಿಯವರೆಲ್ಲ ಬಂದು ಭೇಷ್ ಎಂದರು.

ಆಮೇಲೆ ಶುರುವಾಯಿತು ಅನಾಹುತ. ಒಳ್ಳೆ ಮಣ್ಣಿನ ಪೈರಿನ ತುದಿಗಳೇ ಸುಟ್ಟಂತಾದವು. ಉಜ್ಜಿನಪ್ಪ ನೀರು ಹೆಚ್ಚಿಸಿದರು, ಕಡಿಮೆ ಮಾಡಿದರು, ಗೋಣಿ ಕಟ್ಟಿ ನೆರಳು ಮಾಡಿದರು, ಕೊನೆಗೆ ಕೆಂಪು ಮಣ್ಣು ತಂದುಕೊಟ್ಟವನ ವಂಶವನ್ನೇ ಬೈದರು. ಪೈರು ಯಾವುದಕ್ಕೂ ಜಗ್ಗಲಿಲ್ಲ.

ಹದಿನೈದನೆಯ ದಿನ ಈಶ್ವರ್ ಸ್ಕೇಲು ಹಿಡಿದು ಬಂದು ಬೆಪ್ಪಾದರು. "ಏನ್ರೀ ಇದು? ಒಳ್ಳೆ ಮಣ್ಣಲ್ಲಿ ಸತ್ತು, ಚೌಳಲ್ಲಿ ಬದುಕಿದೆ!"

ಉಜ್ಜಿನಪ್ಪ ತಡೆಯಲಾರದೆ ಮುಂದಿನ ಕುಂಡದ ಮಣ್ಣನ್ನೇ ಚಿಟಿಕೆ ಬಾಯಿಗಿಟ್ಟುಕೊಂಡರು. ಆ ಪ್ರಖ್ಯಾತ ನಾಲಿಗೆ ತೀರ್ಪು ಕೊಟ್ಟಿತು. "ಉಪ್ಪು! ಅಡಿಗೆ ಉಪ್ಪು!"

ಕಾಫಿ ತಂದ ಹೆಂಡತಿ ಸರ್ವಮಂಗಳಮ್ಮ ತಣ್ಣಗೆ ಅಂದರು: "ಉಪ್ಪಿಲ್ದೆ ದೃಷ್ಟಿ ತೆಗೀತಾರೇನ್ರೀ? ಬೀದಿಯೋರ ಕಣ್ಣೆಲ್ಲ ನಿಮ್ಮ ಮೇಲೇ ಬಿದ್ದಿತ್ತು. ದಿನಾ ಸಂಜೆ ನಿವಾಳಿಸೋವಾಗ ಹಾಯಾಗಿ ಕೂತಿರ್ತಿದ್ರಲ್ಲ!"

"ಅದನ್ನ ನೀರಲ್ಲಿ ಕರಗಿಸಿ ನನ್ನ ಕುಂಡಕ್ಕೆ ಹಾಕೋದಾ?"

"ಯಾರೂ ತುಳೀದ ಜಾಗಕ್ಕೆ ಚೆಲ್ಬೇಕು. ಬೆಕ್ಕೂ ನುಗ್ಗದಂಗೆ ಮುಳ್ಳು ಕಟ್ಟಿದ್ದು ನೀವೇ. ಈ ಮನೇಲಿ ಅಂಥ ಜಾಗ ಬೇರೆ ಎಲ್ಲೈತೆ?"

ಈಶ್ವರ್ ಮೆಲ್ಲಗೆ ಕೇಳಿದರು, "ಹಿಂದಿನ ಸಾಲಿಗೂ ಬಿತ್ತಾ, ತಾಯಿ?"

"ಎರಚಿದ್ದು ಕಣಪ್ಪ. ಅಳತೆ ಹಿಡಿದು ಹಾಕ್ಲಿಲ್ಲ."

ಈಶ್ವರ್ ಪುಸ್ತಕ ಮುಚ್ಚಿದರು. "ಹೋಲಿಸೋಕೆ ಏನೂ ಉಳೀಲಿಲ್ಲ. ಇನ್ನೊಂದ್ಸಲ ಹಾಕ್ಬೇಕು."

"ಬಿತ್ತನೆಗೆ ಆರೇ ದಿನ ಉಳಿದಿರೋದು ಸಾರ್!"

"ಹಾಗಾದ್ರೆ ಮುಂದಿನ ವರ್ಷ. ಮೂರನೇ ನಂಬರಿನ ಉಳಿದ ಬೀಜ ಜೋಪಾನ, ಅದೊಂದು ಹಿಡಿಯೇ ಇರೋದು."

ಹೆಂಡತಿಯನ್ನು ಬೈಯೋಣವೆಂದರೆ, ಆಕೆ ಕಾಪಾಡಿದ್ದು ತಮ್ಮನ್ನೇ. ಉಜ್ಜಿನಪ್ಪ ಎರಡು ಸಲ ಬಾಯಿ ತೆರೆದು, ಎರಡು ಸಲವೂ ಕಾಫಿ ಕುಡಿದರು.

ಮರುದಿನ ಮೊದಲ ಬಸ್ಸಿಗೇ ಬ್ರಹ್ಮಸಮುದ್ರಕ್ಕೆ ಹೊರಟರು. ಈರಲಿಂಗಪ್ಪ ಬದುವಿನ ಮೇಲೆ ಸಿದ್ಧನಾಗಿದ್ದ.

"ಏಂ ಅಣ್ಣಾ, ಆಫೀಸರ್ ಒಪ್ಕೊಂಡ್ನಾ?"

"ಮುಂದಿನ ವರ್ಷ ಅಂದ."

"ಮತ್ತೆ ಈಗೇನು ಮಾಡಾಕ್ ಬಂದೆ?"

ಉಜ್ಜಿನಪ್ಪ ಪಂಚೆ ಮೇಲಕ್ಕೆ ಕಟ್ಟಿ ಕುಕ್ಕರಗಾಲಲ್ಲಿ ಕೂತರು. ಬಿಳಿ ಪೊರೆಯನ್ನು ಅಂಗೈಯಿಂದ ಗೋರಿ ಪಕ್ಕಕ್ಕೆ ತಳ್ಳಿದರು. ಮುಂದಿನ ವರ್ಷಕ್ಕೆಂದು ಎತ್ತಿಡಬೇಕಿದ್ದ ಆ ಹಿಡಿ ಬೀಜವನ್ನು, ಒಂದು ಕಾಳೂ ಉಳಿಸದೆ, ಅಲ್ಲೇ ಊರಿಬಿಟ್ಟರು.