ನನ್ನ ಗಿಟಾರಿನ ಸದ್ದು ಇಳಿಸಿದವರು

ನನ್ನದು ಮೊಸರಿನಲ್ಲಿ ಕಲ್ಲು ಹುಡುಕುವ ಸ್ವಭಾವ ಎಂದು ಹೆಂಡತಿ ಮನೆಗೆ ಬಂದವರೆದುರೆಲ್ಲ ಹೇಳುತ್ತಾಳೆ. ಹುಡುಕಿದರೆ ತಾನೆ ಸಿಗುವುದು? ಮನೆಮನೆಗೆ ಹೋಗಿ ಯುಪಿಎಸ್ ರಿಪೇರಿ ಮಾಡುವ ಕೆಲಸ ನನ್ನದು. ಹಳೆಯ ಬ್ಯಾಟರಿಗೆ ಹೊಸ ಸ್ಟಿಕ್ಕರ್ ಅಂಟಿಸಿ ಮಾರುವವರನ್ನು ದಿನಾ ನೋಡುತ್ತೇನೆ. ಅಂಥವನಿಗೆ ಅನುಮಾನ ಬರದಿದ್ದರೆ ಅದೇ ಆಶ್ಚರ್ಯ.

ಆ ಅನುಮಾನ ಗಿಟಾರಿನವರೆಗೂ ಬಂದದ್ದು ಹೋದ ವರ್ಷ. ನಮ್ಮದೊಂದು ಸಣ್ಣ ಆರ್ಕೆಸ್ಟ್ರಾ ಇದೆ. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆಯ ಆರತಕ್ಷತೆ ಎಂದರೆ ನಾವು ಹಾಜರು. ಶುರುವಾದಾಗಿನಿಂದ ಗಿಟಾರ್ ನನ್ನದೇ. ವಾರವಿಡೀ ಕಂಡವರ ಮನೆಯ ಬ್ಯಾಟರಿಗೆ ನೀರು ತುಂಬಿಸುವವನಿಗೆ ಅದನ್ನು ಹೆಗಲಿಗೇರಿಸಿದಾಗ ಮಾತ್ರ ತಾನೂ ಒಬ್ಬ ಮನುಷ್ಯ ಅನ್ನಿಸುತ್ತಿತ್ತು. ಆದರೆ ಈಚೆಗೆ ವೇದಿಕೆಯ ಮೇಲೆ ಎಷ್ಟು ಮೀಟಿದರೂ ನನ್ನ ಗಿಟಾರ್ ನನಗೇ ಕೇಳುತ್ತಿರಲಿಲ್ಲ. ಡ್ರಮ್ ಕೇಳುತ್ತಿತ್ತು, ಕೀಬೋರ್ಡ್ ಕೇಳುತ್ತಿತ್ತು. ಎಲ್ಲರ ಸದ್ದನ್ನೂ ಏರಿಸಿ ಇಳಿಸುವ ಮಿಕ್ಸರ್ ಇದ್ದದ್ದೂ ಕೀಬೋರ್ಡ್ ನುಡಿಸುವವನ ಪಕ್ಕದಲ್ಲೇ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಗಿತ್ತು.

"ನಂದು ಇಳಿಸಿದ್ದೀಯೇನೋ?" ಎಂದು ಅವನನ್ನು ನೇರವಾಗಿ ಕೇಳಿದೆ.

"ಇಲ್ಲಣ್ಣ, ಎಲ್ರಿಗಿಂತ ನಿಮ್ದೇ ಜಾಸ್ತಿ ಇದೆ. ಬೇಕಾದ್ರೆ ಬಂದು ನೋಡಿ."

ಹೋಗಿ ನೋಡಿದೆ. ಮೇಲೇ ಇತ್ತು. ನಾನು ಎದ್ದದ್ದನ್ನು ಕಂಡು ಏರಿಸಿರಬಹುದಲ್ಲ?

ಯಾರ ಹಂಗೂ ಬೇಡವೆಂದು ನಾನೇ ಒಂದು ಬೂಸ್ಟ್ ಪೆಡಲ್ ಮಾಡಲು ಕೂತೆ. ಕಾಲಿನಿಂದ ಒತ್ತಿದರೆ ಗಿಟಾರಿನ ಸದ್ದನ್ನು ಒಮ್ಮೆಲೇ ಏರಿಸುವ ಸಣ್ಣ ಡಬ್ಬಿ ಅದು. ಒಂದು ಟ್ರಾನ್ಸಿಸ್ಟರ್, ನಾಲ್ಕಾರು ಬಿಡಿ ಸಾಮಾನು, ಒಂದು ಚಿಕ್ಕ ಬ್ಯಾಟರಿ ಇದ್ದರೆ ಸಾಕು. ಎಸ್.ಪಿ. ರೋಡಿನ ಅಂಗಡಿಯಲ್ಲಿ ಟ್ರಾನ್ಸಿಸ್ಟರ್ ನಕಲಿ ಇರಬಹುದೆಂದು ಕೌಂಟರಿನ ಮೇಲೇ ಮೀಟರ್ ಇಟ್ಟು ಪರೀಕ್ಷಿಸಿದೆ. "ಸಾರ್, ಹೆಣ್ಣು ನೋಡ್ದಂಗೆ ನೋಡ್ತಿದ್ದೀರಲ್ಲ, ಬೇಗ ಒಪ್ಕೊಳ್ಳಿ" ಎಂದು ಅಂಗಡಿಯವನು ನಕ್ಕ. ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಬೆಸುಗೆ ಹಾಕಿದೆ. ಹೊಗೆಗೆ ಹೆಂಡತಿ ಬಯ್ದುಕೊಂಡೇ ಫ್ಯಾನ್ ಹಾಕಿದಳು.

ಇಂಥ ಪೆಡಲ್ಲಿಗೆ ಸದ್ದು ಹೆಚ್ಚುಕಡಿಮೆ ಮಾಡಲು ಹೊರಗೊಂದು ಗುಂಡಿ ಇಡುವುದು ವಾಡಿಕೆ. ನಾನು ಇಡಲಿಲ್ಲ. ಹೊರಗಿಟ್ಟರೆ ಯಾವನಾದರೂ ತಿರುಗಿಸದೆ ಬಿಡುತ್ತಾನೆಯೆ? ಬದಲಿಗೆ ಸ್ಕ್ರೂಡ್ರೈವರಿನಿಂದ ಮಾತ್ರ ತಿರುಗುವ ಒಂದು ಪುಟ್ಟ ಪ್ರಿಸೆಟ್ಟನ್ನು ಡಬ್ಬಿಯ ಒಳಗೆ ಕೂರಿಸಿ, ನನಗೆ ಬೇಕಾದಷ್ಟು ಏರಿಸಿ, ಮುಚ್ಚಳ ಬಿಗಿದೆ. ಮೇಲೆ ಸ್ಕ್ರೂಗಳ ತಲೆಗೆಲ್ಲ ಹೆಂಡತಿಯ ನೇಲ್ ಪಾಲಿಶ್ ಹಚ್ಚಿದೆ. ರಿಪೇರಿಯವರ ಹಳೆಯ ಉಪಾಯ ಇದು. ಯಾರಾದರೂ ಬಿಚ್ಚಿದರೆ ಬಣ್ಣ ಒಡೆದು ಕಳ್ಳತನ ಗೊತ್ತಾಗುತ್ತದೆ.

ಜಯನಗರದಲ್ಲಿ ನಮ್ಮ ಗಾಯಕಿಯ ಮನೆಯ ತಾರಸಿಯಲ್ಲಿ ಅಭ್ಯಾಸ. ಪಲ್ಲವಿ ಮುಗಿಯುತ್ತಿದ್ದಂತೆ ಪೆಡಲ್ ಒತ್ತಿದೆ. ಆಹಾ, ಗಿಟಾರ್ ಮತ್ತೆ ನನ್ನದಾಯಿತು! ಗಾಯಕಿ ಹಾಡು ನಿಲ್ಲಿಸಿ ತಿರುಗಿ ನೋಡಿದರು. ಡ್ರಮ್ಮಿನವನು ಕೀಬೋರ್ಡಿನವನಿಗೆ ಹುಬ್ಬು ಹಾರಿಸಿದ.

"ಅಣ್ಣಾ, ಪೆಡಲ್ ಸಖತ್ತಾಗಿದೆ. ಒಂಚೂರು ಕಮ್ಮಿ ಮಾಡ್ಕೊಂಡ್ರೆ ಇನ್ನೂ ಚೆನ್ನಾಗಿರುತ್ತೆ" ಎಂದು ಕೀಬೋರ್ಡಿನವನು ಬೆಣ್ಣೆಯಲ್ಲಿ ಕೂದಲು ತೆಗೆಯುವ ಹಾಗೆ ಹೇಳಿದ.

"ಕಮ್ಮಿ ಮಾಡೋ ಗುಂಡೀನೇ ಇಲ್ಲ ಕಣೋ" ಎಂದೆ. ಹೊಟ್ಟೆಕಿಚ್ಚಿಗೆ ಮದ್ದೆಲ್ಲಿದೆ ಎಂದು ಮನಸ್ಸಿನಲ್ಲೇ ಹಿಗ್ಗಿದೆ.

ಆಮೇಲೆ ಬಿಟಿಎಂ ಲೇಔಟಿನಲ್ಲಿ ಗಣೇಶನ ಕಾರ್ಯಕ್ರಮ. ಜನ ಕಿಕ್ಕಿರಿದಿದ್ದರು. ನನ್ನ ಸರದಿ ಬಂದಾಗ ಪೆಡಲ್ ಒತ್ತಿದೆ. ಕೆಂಪು ದೀಪವೇನೋ ಹೊತ್ತಿತು, ಸದ್ದು ಏರಲಿಲ್ಲ. ಮತ್ತೆ ಒತ್ತಿದೆ. ಅಷ್ಟೇ. ಗಾಯಕಿ ಮಾತ್ರ ನನ್ನ ಕಡೆ ನೋಡಿ ತಲೆದೂಗಿದರು. ಅಣಕಿಸುತ್ತಿದ್ದಾರೆಂದು ಮೈ ಉರಿಯಿತು. ಕಾರ್ಯಕ್ರಮ ಮುಗಿದ ಮೇಲೆ ಯಾರೊಡನೆಯೂ ಮಾತಾಡದೆ ಸ್ಕೂಟರ್ ಹತ್ತಿದೆ.

ಮಾರನೆಯ ಬೆಳಿಗ್ಗೆ ಕಾಫಿಗೂ ಮುಂಚೆ ಪೆಡಲ್ ಮಗುಚಿದೆ. ಸ್ಕ್ರೂಗಳ ಮೇಲೆ ಬಣ್ಣ ಇದ್ದ ಹಾಗೇ ಇತ್ತು. ಆದರೂ ಸಮಾಧಾನವಾಗದೆ ಉಗುರಿನಿಂದ ಕೆರೆದೆ. ಮೇಲಿನ ಪದರ ಎದ್ದು ಬಂತು. ಅದರ ಕೆಳಗೆ ನಾನು ಹಚ್ಚಿದ್ದ ಬಣ್ಣ ಒಡೆದಿತ್ತು. ಬಿಚ್ಚಿ ನೋಡಿದರೆ ಪ್ರಿಸೆಟ್ಟನ್ನು ಅರ್ಧಕ್ಕಿಂತ ಹಿಂದಕ್ಕೆ ತಿರುಗಿಸಿದ್ದರು. ಸಿಕ್ಕಿಬಿದ್ದ ಎಂದು ಕುಣಿಯಬೇಕು, ಅಷ್ಟರಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ಎರಡೂ ಪದರ ಒಂದೇ ಬಣ್ಣ. ಆ ಶೀಶೆ ಇರುವುದು ನಮ್ಮ ಮಲಗುವ ಕೋಣೆಯ ಕನ್ನಡಿಯ ಮುಂದೆ.

ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. ಪೆಡಲನ್ನು ಅವಳ ಮುಂದಿಟ್ಟೆ. ಅವಳು ಸುಳ್ಳು ಹೇಳಲಿಲ್ಲ.

"ಬಿಚ್ಚಿದ್ದು ಆ ಕೀಬೋರ್ಡ್ ಹುಡುಗ. ಬಣ್ಣ ಹಚ್ಚಿದ್ದು ನಾನು."

"ಇಬ್ರೂ ಸೇರ್ಕೊಂಡು ನನ್ನ ಬೆನ್ನಿಗೆ ಚೂರಿ ಹಾಕಿದ್ರಾ?"

"ನಿಮ್ಮನ್ನ ಬಿಟ್ಟು ಬೇರೆಯವ್ರನ್ನ ಕರೆಯೋಣ ಅಂತ ಎಲ್ರೂ ಮಾತಾಡ್ಕೊಂಡಿದ್ರಂತೆ. ನಿಮ್ಮ ಗಿಟಾರ್ ಮುಂದೆ ಹಾಡೋಕೇ ಆಗಲ್ಲ ಅಂತ ಆಯಮ್ಮ ಅತ್ತುಬಿಟ್ರಂತೆ. ನಿಮ್ಮ ಮುಖ ನೋಡಿ ಹೇಳೋಕೆ ಧೈರ್ಯ ಇಲ್ದೆ, ನೀವು ಕೆಲಸಕ್ಕೆ ಹೋಗಿದ್ದಾಗ ಅವ್ನು ಇಲ್ಲಿಗೆ ಬಂದ. ಒಂದ್ಸಲ ಸೌಂಡ್ ಇಳಿಸಿ ನೋಡಪ್ಪಾ, ಆಮೇಲೆ ಬೇಕಾದ್ರೆ ಅವ್ರನ್ನ ತೆಗೀರಂತೆ ಅಂತ ನಾನೇ ಅಂದೆ."

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳ್ದೆ ರೀ. ಅಡುಗೆಮನೆಯಿಂದ ಹೇಳ್ದೆ. ಸ್ಕೂಟರ್ ಹಿಂದೆ ಕೂತ್ಕೊಂಡು ಹೇಳ್ದೆ. ನೀವು ಹೂಂ ಹೂಂ ಅಂದ್ರಿ. ನಿಮಗೆ ಕೇಳಿಸೇ ಇಲ್ಲ ಅಂತ ಆಮೇಲೆ ಗೊತ್ತಾಯ್ತು. ಕಿವಿ ತೋರಿಸ್ಕೊಳ್ಳಿ."

ಇದೂ ಅವನೇ ಹೇಳಿಕೊಟ್ಟ ಮಾತೆಂದುಕೊಂಡೆ. ನನ್ನ ಕಿವಿ ಸರಿ ಇಲ್ಲವೆಂದರೆ ಅವರಿಗೆ ಕೆಲಸ ಸುಲಭವಾಯಿತಲ್ಲ! ಕಣ್ಣಾರೆ ಕಾಣದೆ ನಂಬುವವನಲ್ಲ ನಾನು. ಕಿಟಕಿಯ ಹತ್ತಿರವಿದ್ದ ಆಂಪ್ಲಿಫೈಯರಿಗೆ ಗಿಟಾರ್ ಜೋಡಿಸಿ, ಬಾಯಿ ತೆರೆದ ಪೆಡಲನ್ನೂ ಸ್ಕ್ರೂಡ್ರೈವರನ್ನೂ ಅವಳ ಕೈಗೆ ಕೊಟ್ಟೆ.

"ನಾನು ನುಡಿಸ್ತೀನಿ. ನೀನು ಮೆಲ್ಲಗೆ ಏರಿಸ್ತಾ ಹೋಗು. ಸರಿ ಅನ್ನಿಸಿದಾಗ ಸಾಕು ಅಂತೀನಿ."

ನುಡಿಸಿದೆ. ಅವಳು ತಿರುಗಿಸಿದಳು. ಸಾಲದು ಎಂದೆ. ಇನ್ನಷ್ಟು ತಿರುಗಿಸಿದಳು. ತಂತಿಯ ಸದ್ದು ನನ್ನ ಕಿವಿಗೆ ಈಗಷ್ಟೇ ಸ್ಪಷ್ಟವಾಗಿ ಬರತೊಡಗಿತ್ತು. ಅವಳ ಮುಖ ಹಿಂಡಿಕೊಂಡಿತ್ತು. ನಾಟಕವೋ ನಿಜವೋ ಎಂದು ಓರೆಗಣ್ಣಿನಿಂದ ನೋಡುತ್ತ ಮೀಟುತ್ತಲೇ ಇದ್ದೆ.

ಎದುರುಮನೆಯ ಬಾಗಿಲು ತೆರೆಯಿತು. ಅಲ್ಲಿನ ಬಾಣಂತಿ ಕೂಸನ್ನು ಎದೆಗವಚಿಕೊಂಡು ಬಾಲ್ಕನಿಗೆ ಬಂದು ನಮ್ಮ ಕಿಟಕಿಯನ್ನೇ ನೋಡಿದಳು. ಕೂಸಿನ ಮುಖ ಕೆಂಪಾಗಿತ್ತು, ಬಾಯಿ ಅಗಲವಾಗಿ ತೆರೆದಿತ್ತು. ನಾನು ಅಂಗೈಯಿಂದ ತಂತಿಗಳನ್ನು ಒತ್ತಿ ಹಿಡಿದೆ. ಸದ್ದೆಲ್ಲ ನಿಂತಿತು. ಕಿಟಕಿ ತೆರೆದೇ ಇತ್ತು, ನಡುವೆ ಇದ್ದದ್ದು ಒಂದು ಸಣ್ಣ ರಸ್ತೆ. ಕೂಸಿನ ಬಾಯಿ ಇನ್ನೂ ಹಾಗೇ ತೆರೆದಿತ್ತು, ಕೈಕಾಲು ಬಡಿಯುತ್ತಿತ್ತು. ನನಗೆ ಬಹಳ ಹೆದರಿಕೆಯಾಯಿತು.

"ಅಳ್ತಾ ಇದ್ಯೇನೆ?" ಎಂದು ಹೆಂಡತಿಯನ್ನು ಕೇಳಿದೆ.

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟು, ಹತ್ತಿರ ಬಂದು, ನನ್ನ ಕಿವಿಯ ಬಳಿ ಬಾಯಿ ತಂದು "ಹೂಂ ರೀ" ಎಂದಳು.