ಮದುವೆಯ ಸೂಟಿನಲ್ಲಿ ಸಂದರ್ಶನಕ್ಕೆ

ಸಾಂಗ್ಲಿಯ ಕಾಲೇಜಿನಿಂದ ಮೊಬೈಲಿಗೆ ಬಂದ ಸಂದೇಶದಲ್ಲಿ, ಸಂದರ್ಶನಕ್ಕೆ ‘ಫಾರ್ಮಲ್’ ಉಡುಪಿನಲ್ಲಿ ಬರಬೇಕು ಎಂದಿತ್ತು. ಡಿಗ್ರಿ ಮುಗಿಸಿದ್ದ ನಾನು ಸಮಾಜಕಾರ್ಯ ಓದುತ್ತೇನೆಂದು ಹಟ ಹಿಡಿದಿದ್ದೆ. ಸೀಟು ಸಿಗದಿದ್ದರೆ ಜತ್ತಿನಲ್ಲಿ ಮಾವನ ಗೊಬ್ಬರದಂಗಡಿಯಲ್ಲಿ ಕೂರಿಸುವುದಾಗಿ ಅಪ್ಪ ಆಗಲೇ ಮಾತು ಕೊಟ್ಟುಬಿಟ್ಟಿದ್ದ. ಮಾವನ ಮೀಸೆ ನೆನೆದರೇ ನನಗೆ ಊಟ ಸೇರುತ್ತಿರಲಿಲ್ಲ.

‘ಅಂದ್ರ ಸೂಟ್ ಹಾಕ್ಕೊಂಡು ಬಾ ಅಂದಂಗ,’ ಎಂದು ಅಪ್ಪ ತೀರ್ಮಾನಿಸಿದ. ಬಿಳೂರಿನ ನಮ್ಮ ಭಾವಕಿಯಲ್ಲಿ, ಅಂದರೆ ಅಣ್ಣತಮ್ಮಂದಿರ ಅಷ್ಟೂ ಮನೆಗಳಲ್ಲಿ, ಇರುವುದು ಒಂದೇ ಸೂಟು. ತೀರಿಹೋದ ದೊಡ್ಡಪ್ಪನ ಮದುವೆಗೆ ಹೊಲಿಸಿದ್ದು. ಅಲ್ಲಿಂದೀಚೆಗೆ ನಮ್ಮಲ್ಲಿ ಮದುವೆಯಾದ ಗಂಡಸರೆಲ್ಲ ಅದರೊಳಗೇ ಹೊಕ್ಕು ಹೊರಬಂದವರು. ದೊಡ್ಡವ್ವ ಅದನ್ನು ಡಾಂಬರು ಗುಳಿಗೆ ಹಾಕಿ ಟ್ರಂಕಿನಲ್ಲಿ ಕಾಯುತ್ತಾಳೆ. ನನ್ನ ತಿಳಿನೀಲಿ ಶರ್ಟು ಸಾಕು ಎಂದು ಕೂಗಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಿಗ್ಗೆ ದೊಡ್ಡವ್ವನೇ ಬಂದು ಕೋಟು ತೊಡಿಸಿ, ಗುಂಡಿ ಹಾಕಿ, ಹಣೆಗೆ ವಿಭೂತಿ ಹಚ್ಚಿ ಕಳಿಸಿದಳು. ಕೋಟಿನೊಳಗೆ ಇನ್ನೊಬ್ಬ ಮನುಷ್ಯನಿಗೆ ಆರಾಮಾಗಿ ಜಾಗವಿತ್ತು.

ನಮ್ಮ ಕಡೆ ಸೂಟು ಹಾಕುವವನು ಮದುಮಗ ಒಬ್ಬನೇ. ಜತ್ತಿನಲ್ಲಿ ಬಸ್ಸು ಹತ್ತಿದ್ದೇ ತಡ, ಒಬ್ಬ ಅಜ್ಜಿ ಬುಟ್ಟಿ ಸರಿಸಿ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟಳು.

‘ಕುಂದ್ರಪಾ. ಮದುಮಗನ್ನ ಬಸ್ಸಿನ್ಯಾಗ ಕಳಸ್ಯಾರಲ್ಲ, ಬೀಗರಿಗೆ ಒಂದ್ ಗಾಡಿ ಮಾಡೂದ ಆಗ್ಲಿಲ್ಲೇನು?’

‘ಮದುವಿ ಅಲ್ಲಬೇ, ಕಾಲೇಜಿಗೆ ಹೊಂಟೀನಿ.’

‘ಇರ್ಲಿ ಬಿಡು, ನಾಚಬ್ಯಾಡ,’ ಎಂದಳು. ಕಂಡಕ್ಟರ್ ಕೂಡ ನನ್ನ ಹಿಂದೆ ಮದುಮಗಳು ಇದ್ದಾಳೆಯೇ ಎಂದು ಇಣುಕಿದ. ಸಾಂಗ್ಲಿ ಬರುವತನಕ ಹಲ್ಲು ಕಚ್ಚಿಕೊಂಡು ಕೂತೆ.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು. ನಿನ್ನ ಬಗ್ಗೆ ಹೇಳು ಎಂದರು. ಕನ್ನಡಿ ಮುಂದೆ ಉರು ಹೊಡೆದಿದ್ದ ಇಂಗ್ಲಿಷಿನಲ್ಲಿ ಎರಡು ವಾಕ್ಯ ಬಂದವು, ಮೂರನೆಯದು ಬರಲೇ ಇಲ್ಲ. ನಡುವೆ ಕೂತಿದ್ದ ಮೇಡಂ ಒಂದು ಕಾಗದ ಮುಂದೆ ತಳ್ಳಿ, ಸಹಿ ಮಾಡಿ ಹೋಗು ಎಂದರು. ಕಣ್ಣ ಮುಂದೆ ಮಾವನ ಗೊಬ್ಬರದ ಚೀಲಗಳೇ ಬಂದವು. ಪೆನ್ನಿಗಾಗಿ ಕೋಟಿನ ಒಳಕಿಸೆಗೆ ಕೈ ಹಾಕಿ ಎಳೆದರೆ, ಅದರ ಜೊತೆ ಅರಿಶಿನ ಕುಂಕುಮ ಹಚ್ಚಿದ ಜೋಳ ಮೇಜಿನ ತುಂಬ ಚೆಲ್ಲಿತು. ಮದುವೆಯಲ್ಲಿ ವಧೂವರರ ತಲೆಯ ಮೇಲೆ ಹಾಕುವ ಅಕ್ಕಿಕಾಳು. ನಮ್ಮಲ್ಲಿ ಅದು ಜೋಳವೇ. ಒಂದಿಷ್ಟು ಮೇಡಂ ಅವರ ಚಹಾದ ಕಪ್ಪಿಗೂ ಬಿತ್ತು.

ಯಾರ ಮದುವೆ ಎಂದು ಅವರು ಮರಾಠಿಯಲ್ಲಿ ಕೇಳಿದರು.

ಹೋಗುವ ಸೀಟು ಹೋಗಿಯೇ ಆಯಿತು, ಇನ್ನೇನು ಎಂದು ನಾನೂ ಮರಾಠಿಯಲ್ಲೇ ಶುರು ಮಾಡಿದೆ. ಸೂಟು ಮನೆಯಿಂದ ಮನೆಗೆ ತಿರುಗುವುದು, ದಪ್ಪಗಿದ್ದ ಚಿಕ್ಕಪ್ಪ ಊಟಕ್ಕೆ ಕೂತಾಗ ಹೊಲಿಗೆ ಬಿಟ್ಟದ್ದು, ಒಂದೇ ದಿನ ಎರಡು ಮುಹೂರ್ತ ಬಂದು ಒಬ್ಬ ಮದುಮಗ ಬನಿಯನ್ನಿನಲ್ಲಿ ಕಾಯುತ್ತ ಕೂತದ್ದು, ಎಲ್ಲ ಹೇಳಿದೆ. ಮೂವರೂ ಕಣ್ಣೊರೆಸಿಕೊಂಡು ನಕ್ಕರು. ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ ಎಂದು ಮೇಡಂ ಗದರಿದರು. ಆಮೇಲೆ ನಮ್ಮ ಊರಿನ ಬಗ್ಗೆ ಬಹಳ ಹೊತ್ತು ಕೇಳಿದರು. ಅಕ್ಕಿಕಾಳು ಕಾಲಡಿ ಬೀಳಬಾರದೆಂದು ಆರಿಸಿ ಕಿಸೆಗೆ ಹಾಕಿಕೊಂಡು ಎದ್ದಾಗ, ಸೀಟು ನನ್ನದಾಗಿತ್ತು.

ಊರಿಗೆ ಬಂದವನೇ ದೊಡ್ಡವ್ವನ ಮನೆಗೆ ಹೋದೆ. ‘ಸೀಟ್ ಸಿಕ್ತು ದೊಡ್ಡವ್ವಾ. ಆದ್ರ ಯಾವ ಮದುಮಗ ಕಿಸೆ ಝಾಡಿಸಲಾರ್ದ ಸೂಟ್ ಕೊಟ್ಟಾನ ನೋಡು, ನನ್ನ ಮರ್ಯಾದಿ ಹೋಗ್ತಿತ್ತು.’

‘ಯಾವ ಮದುಮಗನೂ ಅಲ್ಲ. ಮುಂಜಾನಿ ನಾನ ಹಾಕೀನಿ,’ ಎಂದಳು. ‘ನಿಮ್ಮ ದೊಡ್ಡಪ್ಪ ಹೋದ ಮ್ಯಾಗ ಮದುವಿ ಹಂದರದಾಗ ನನ್ನ ಕೈಗೆ ಯಾರ್ ಕಾಳ್ ಕೊಡ್ತಾರ? ಅದಕ ಎಲ್ಲಾರಿಗೂ ಹಿಂಗ ಕಿಸೆದಾಗ ಹಾಕಿ ಕಳಸ್ತೀನಿ. ನೀ ಒಬ್ಬಾಂವ ನೋಡ್ದಿ.’

ನಮ್ಮ ಇಡೀ ಭಾವಕಿಯ ಮೇಲೆ ಸಿಟ್ಟು ಬಂತು. ಕಿಸೆಯಲ್ಲಿದ್ದ ಕಾಳನ್ನು ಅವಳ ಕೈಗೆ ಸುರಿದು, ಆ ಸೂಟಿನಲ್ಲೇ ತಲೆ ಬಗ್ಗಿಸಿ ನಿಂತೆ.

‘ಹಾಕು,’ ಎಂದೆ.

ದೊಡ್ಡವ್ವ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಹಾಕಿದಳು.