ಏಳು ಗಂಟೆಯ ತರಗತಿಯ ಕುಂದಾ ಮೇಡಂ

ಬೆಳಿಗ್ಗೆ ಆರೂ ಮುಕ್ಕಾಲು. ವಿದ್ಯಾಪೀಠದ ಬಾಗಿಲು ತೆಗೆದು ಗುಡಿಸುವ ಶಿಪಾಯಿಗಳು ಇನ್ನೂ ಬಂದಿಲ್ಲ. ಮಹಿಳಾ ಅಧ್ಯಯನ ಕೇಂದ್ರದ ಬೀಗ ತೆಗೆದು, ಬೆಂಚಿನ ಮೇಲಿನ ಪಾರಿವಾಳದ ಹಿಕ್ಕೆಯನ್ನು ಹಳೆಯ ಪೇಪರಿನಿಂದ ಒರೆಸುತ್ತಿರುವವರು ಕುಂದಾ ವಾಘಮೋಡೆ. ವಯಸ್ಸು ನಲವತ್ತಾರು. ಲಿಂಗತ್ವ ಅಧ್ಯಯನದ ಅರೆಕಾಲಿಕ ಉಪನ್ಯಾಸಕಿ. ತಮ್ಮೂರು ಬೋರಗಾಂವದಿಂದ ಐದೂವರೆಯ ಸರ್ಕಾರಿ ಎಸ್‌ಟಿ ಬಸ್ಸು ಹಿಡಿದು ಬಂದಿದ್ದಾರೆ.

ಏಳಕ್ಕೆ ಹದಿನಾಲ್ಕು ಜನ ಬಂದು ಕೂರುತ್ತಾರೆ. ರಾತ್ರಿ ಪಾಳಿ ಮುಗಿಸಿದ ಇಬ್ಬರು ನರ್ಸ್‌ಗಳು, ಒಬ್ಬ ಮಹಿಳಾ ಪೇದೆ, ಅಂಗನವಾಡಿ ಕಾರ್ಯಕರ್ತೆಯರು, ಮೂಲೆಯಲ್ಲಿ ಒಬ್ಬ ಗಂಡಸು ಟೈಲರ್. ವೇಳಾಪಟ್ಟಿಯಲ್ಲಿ ಈ ತರಗತಿ ಇರುವುದು ಹನ್ನೊಂದು ಗಂಟೆಗೆ. ಹನ್ನೊಂದಕ್ಕಾದರೆ ಇವರಲ್ಲಿ ಒಬ್ಬರೂ ಬರುವ ಹಾಗಿಲ್ಲ. ಅದಕ್ಕೇ ಕುಂದಾ ಯಾರನ್ನೂ ಕೇಳದೆ ಏಳಕ್ಕೆ ಬದಲಿಸಿಕೊಂಡರು. ಯಾರೂ ಬೇಡವೆನ್ನಲಿಲ್ಲ, ಯಾರೂ ಗಮನಿಸಿಯೂ ಇಲ್ಲ.

"ನಿನ್ನೆ ನಿಮ್ಮ ಮನ್ಯಾಗ ಎಲ್ಲಾರಗಿಂತ ಕಡೀಕ ಉಂಡವ್ರು ಯಾರು?" ಎಂದು ಪಾಠ ಶುರುವಾಗುತ್ತದೆ.

"ನಮ್ಮಾಕಿ ಇರಬೇಕ್ರಿ ಮೇಡಂ," ಎನ್ನುತ್ತಾನೆ ಟೈಲರ್.

"ಆಕಿ ಪಾಲಿಗಿ ಏನ್ ಉಳಿದಿತ್ತು?"

"ಅದು ನೋಡಿಲ್ರಿ."

"ಇವತ್ತ ನೋಡ್ಕೊಂಡ ಬರ್ರಿ. ಅದೇ ನಿಮ್ಮ ಹೋಂವರ್ಕ್."

ನರ್ಸ್ ಒಬ್ಬಳು ಆಕಳಿಸುತ್ತಲೇ ನಗುತ್ತಾಳೆ.

ವಾರಕ್ಕೆ ಒಂಬತ್ತು ತಾಸು, ತಾಸಿನ ಮೇಲೆ ಸಂಬಳ, ಒಂಬತ್ತು ತಿಂಗಳ ಆದೇಶ. ಆ ಒಂಬತ್ತು ತಿಂಗಳು ಮುಗಿದರೆ ನೌಕರಿಯೂ ಮುಗಿಯಿತು. ಜುಲೈ ಬಂತೆಂದರೆ ಹೊಸ ಜಾಹೀರಾತು, ಹೊಸ ಅರ್ಜಿ, ಮತ್ತೆ ಸಂದರ್ಶನ. ಕುಂದಾ ಹನ್ನೆರಡು ವರ್ಷದಿಂದ ತಾವೇ ಮಾಡುತ್ತಿರುವ ಕೆಲಸಕ್ಕೆ ತಾವೇ ಅರ್ಜಿ ಹಾಕುತ್ತಿದ್ದಾರೆ. ಆದೇಶ ಕೈಗೆ ಬರುವುದು ಆಗಸ್ಟ್‌ನಲ್ಲಿ, ಪಾಠ ಶುರುವಾಗುವುದು ಜುಲೈನಲ್ಲಿ. ನಡುವಿನ ದಿನಗಳನ್ನು ಸಂಬಳದ ಲೆಕ್ಕಕ್ಕೆ ಯಾರೂ ಹಿಡಿಯುವುದಿಲ್ಲ.

ಅದಕ್ಕೂ ಮೊದಲು ಎಂಟು ವರ್ಷ ತಾಲ್ಲೂಕಿನ ಸಲಹಾ ಕೇಂದ್ರದಲ್ಲಿ ಕೂತು ಹೆಂಗಸರ ದೂರು ಬರೆದುಕೊಂಡವರು ಅವರು. "ಬರದು ಬರದು ಕೈ ಸೋತಿತ್ತು. ಇದು ಯಾಕ್ ಹಿಂಗ ಅಂತ ತಿಳ್ಕೋಬೇಕು ಅನಿಸ್ತು," ಎನ್ನುತ್ತಾರೆ. ಮೂವತ್ತರ ಮೇಲೆ ಎಂ.ಎ. ಮಾಡಿದರು. ಮನೆಯಲ್ಲಿ ಒಪ್ಪಿಗೆ ಕೊಟ್ಟವರು ಅತ್ತೆ ಅನಸೂಯಾಬಾಯಿ. ಬಾಯಿ ಮಾತ್ರ ಅವರದು ಸುಮ್ಮನಿರುವುದಲ್ಲ. ಸಂದರ್ಶನದ ದಿನ ಸೊಸೆ ಇಸ್ತ್ರಿ ಸೀರೆ ಉಟ್ಟರೆ ಬಾಗಿಲಲ್ಲೇ ನಿಂತು ಹೇಳುತ್ತಾರೆ: "ನಿನ್ನ ನೋಡಾಕ ನಾವು ಒಂದೇ ಸಲ ಬಂದಿದ್ವಿ. ನೀ ಕೊಟ್ಟ ಅವಲಕ್ಕಿ ತಿಂದ್ವಿ, ಹೂಂ ಅಂದ್ವಿ. ಇವ್ರು ಹನ್ನೆರಡು ವರ್ಷದಿಂದ ನೋಡ್ತಾನೇ ಇದ್ದಾರ, ಇನ್ನೂ ಮದುವಿ ಮಾತೇ ಇಲ್ಲ."

ಈ ವರ್ಷದ ಕಥೆ ಸ್ವಲ್ಪ ಬೇರೆ. ಕೇಂದ್ರಕ್ಕೆ ಕಾಯಂ ಅಧ್ಯಾಪಕರೇ ಇಲ್ಲ. ಉಸ್ತುವಾರಿ ನೋಡುವವರು ಮರಾಠಿ ವಿಭಾಗದ ಪ್ರಾಧ್ಯಾಪಕರು. ಹೀಗಾಗಿ ಪಠ್ಯಕ್ರಮವಿರಲಿ, ಪ್ರಶ್ನೆಪತ್ರಿಕೆಯಿರಲಿ, ಈ ವಿಷಯದ ಕಾಗದವೆಲ್ಲ ಕುಂದಾ ಅವರ ಮೇಜಿಗೇ ಬರುತ್ತದೆ. ಸಂದರ್ಶನಕ್ಕೆ ನಾಲ್ಕು ದಿನ ಇರುವಾಗ ಬಂದ ಲಕೋಟೆಯನ್ನೂ ರೂಢಿಯಂತೆ ಒಡೆದರು. 'ಅರೆಕಾಲಿಕ ಉಪನ್ಯಾಸಕರ ಸಂದರ್ಶನಕ್ಕೆ ಹತ್ತು ಪ್ರಶ್ನೆ ಸಿದ್ಧಪಡಿಸಿ ಕೊಡುವುದು' ಎಂದಿತ್ತು. ಅವರದೇ ಸಂದರ್ಶನ.

ಲಕೋಟೆ ಹಿಡಿದು ಗುಮಾಸ್ತ ಲೋಖಂಡೆ ಅವರ ಹತ್ತಿರ ಹೋದರು. ಲೋಖಂಡೆ ತಲೆ ಎತ್ತಲಿಲ್ಲ. "ಈ ವಿಷಯ ಗೊತ್ತಿದ್ದವ್ರು ಇಲ್ಲಿ ಮತ್ಯಾರ ಅದಾರ ತಾಯಿ? ಬರ್ದು ಕೊಡ್ರಿ. ಯಾರಿಗಿ ಗೊತ್ತಾಗ್ತದ?"

"ನನಗ ಗೊತ್ತಾಗ್ತದಲ್ಲ."

ಹತ್ತು ಪ್ರಶ್ನೆ ಬರೆದರು, ಅದೂ ಕಷ್ಟದವನ್ನೇ. ನಾಲ್ಕು ಪ್ರತಿ ತೆಗೆಸಿ, ಉಳಿದ ಮೂವರು ಅಭ್ಯರ್ಥಿಗಳಿಗೂ ಒಂದೊಂದು ಕಳಿಸಿದರು. ಸಮಿತಿಗೆ ಕೊಟ್ಟ ಪ್ರತಿಯ ಕೆಳಗೆ 'ನಾಲ್ವರ ಬಳಿಯೂ ಈ ಪ್ರಶ್ನೆಗಳಿವೆ' ಎಂದು ಬರೆದು ಸಹಿ ಹಾಕಿದರು. ಲೋಖಂಡೆ ಹಣೆ ಚಚ್ಚಿಕೊಂಡರು. "ನಿಮ್ಮ ಕಾಲ ಮ್ಯಾಲೆ ನೀವೇ ಕಲ್ಲ ಹಾಕ್ಕೊಂಡ್ರಲ್ರಿ."

ಸಮಿತಿಗೆ ಬೇರೆ ಪ್ರಶ್ನೆ ಹುಡುಕುವ ವ್ಯವಧಾನವಿರಲಿಲ್ಲ, ಅವನ್ನೇ ಕೇಳಿತು. ಮೂವರಲ್ಲಿ ಒಬ್ಬಳು ಸಾಯಲಿ ತುಪೆ. ಏಳು ವರ್ಷದ ಹಿಂದೆ ಇದೇ ಬೆಂಚಿನಲ್ಲಿ ಕೂತಿದ್ದವಳು. ಕಬ್ಬು ಕಡಿಯುವ ಹೆಂಗಸರ ಜೊತೆ ಎರಡು ಹಂಗಾಮು ಗುಡಿಸಲಲ್ಲಿದ್ದು ಪಿಎಚ್.ಡಿ. ಬರೆದಿದ್ದಾಳೆ. ಕುಂದಾ ಅವರಿಗೆ ಪಿಎಚ್.ಡಿ. ಮುಗಿಸಲು ಬಿಡುವೇ ಸಿಗಲಿಲ್ಲ. ಸಂದರ್ಶನದ ದಿನವೇ ಮಧ್ಯಾಹ್ನ ನಾಲ್ಕಕ್ಕೆ ಶಿಪಾಯಿ ಗೋರಖ್ ಮಾಮಾ ಆಯ್ಕೆ ಪಟ್ಟಿ ಅಂಟಿಸಿದ. ಮೊದಲ ಹೆಸರು ಸಾಯಲಿ. ಎರಡನೆಯದು ಕುಂದಾ, ಕಾಯುವ ಪಟ್ಟಿಯಲ್ಲಿ.

ಸಾಯಲಿ ಕಾಲಿಗೆ ಬಿದ್ದಳು. "ಕ್ಷಮಿಸ್ರಿ ಮೇಡಂ. ನಾ ಅರ್ಜಿ ಹಾಕಬಾರದಿತ್ತು."

"ಹುಚ್ಚಿ, ಮ್ಯಾಲೆ ಏಳು. ಏಳನೇ ಪ್ರಶ್ನಿಗಿ ಏನ್ ಹೇಳ್ದಿ?"

ಸಾಯಲಿ ನಿಂತಲ್ಲೇ ಹೇಳಿದಳು. ಕುಂದಾ ಪೂರ್ತಿ ಕೇಳಿಸಿಕೊಂಡರು. "ನಾ ಹೇಳಿದ್ದಕ್ಕಿಂತ ಛಲೋ ಅದ. ಒಂದೇ ಮಾತು ನಡಸಿಕೊಡು. ತರಗತಿ ಹನ್ನೊಂದಕ್ಕ ಒಯ್ಯಬ್ಯಾಡ. ಆ ನರ್ಸ್ ಹುಡುಗ್ಯಾರು ಓದೋದು ಬಿಟ್ಟಾರು."

"ಏಳಕ್ಕೇ ಬರ್ತೀನ್ರಿ."

ಕೇಂದ್ರದ ಬೀಗದ ಕೈ ಅವಳಿಗೆ ಕೊಟ್ಟು ಬಸ್ ನಿಲ್ದಾಣದ ಕಡೆ ನಡೆಯುವಾಗ ಕುಂದಾ ಏನನ್ನೂ ಮುಚ್ಚಿಡುವುದಿಲ್ಲ. "ಸಂಕಟ ಆಗಿಲ್ಲ ಅಂದ್ರ ಸುಳ್ಳಾಗ್ತದ. ನಾಳಿ ನಾಕೂವರಿಗಿ ಎಚ್ಚರ ಆಗೇ ಆಗ್ತದ. ಎದ್ದು ಏನ್ ಮಾಡ್ಲಿ ಅಂತ ತಿಳೀವಲ್ದು."

ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ ಮಾತು ಮುಂದುವರಿಸುತ್ತಾರೆ. "ಹನ್ನೆರಡು ವರ್ಷದ ಹಿಂದ ಈ ಕೆಲಸಕ್ಕ ಅರ್ಜಿ ಹಾಕಿದಾಕಿ ನಾ ಒಬ್ಬಾಕೀನೇ. ಈ ವಿಷಯ ಓದಿದವ್ರೇ ಜಿಲ್ಲಾದಾಗ ಇರ್ಲಿಲ್ಲ. ಈ ಸಲ ನಾಕ್ ಮಂದಿ ಬಂದಿದ್ವಿ. ನನ್ನ ಬಿಟ್ರ, ಉಳಿದ ಮೂವರಿಗೂ ಕಲಿಸಿದಾಕಿ ನಾನೇ."